ಉಣ್ಣಲು ಕಲಿತವರು ಅಡಲೂ ಕಲಿಯಲಿ

ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು, ಓದಿ, ಬದುಕಿನಲ್ಲಿ ನೆಲೆ ಕಂಡವರು ನಾಡಿನ ತುಂಬ ಇದ್ದಾರೆ. ಹಳೆಯ ವಿದ್ಯಾರ್ಥಿಗಳು ಒಂದೆಡೆ ಕೂಡಿದಾಗ ಅವರ ಮಾತು ಮೊದಲು ಹರಿಯುವುದು ಪಂಕ್ತಿಯ ಊಟದ ಕಡೆಗೆ. ಬಿಸಿ ಮುದ್ದೆ, ಸೊಪ್ಪಿನ ಸಾರು, ಅನ್ನ, ನೀರು ಮಜ್ಜಿಗೆ. ತಟ್ಟೆಯಲ್ಲಿ ಒಂದಗುಳನ್ನೂ ಬಿಡಬಾರದೆಂಬ ಶಿಸ್ತು. ಈ ಸ್ಮರಣೆ ಸ್ತುತ್ಯವಾದುದೇ ಸರಿ. ಆದರೆ ಈ ಕೃತಜ್ಞತೆಯ ನಡುವೆ ಒಂದು ಕಟುವಾದ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾಗಿದೆ. ಆ ಅನ್ನವನ್ನು ಉಂಡವರಲ್ಲಿ ಅದನ್ನು ಬೇಯಿಸಲು ಕಲಿತವರೆಷ್ಟು ಮಂದಿ? ಪ್ರಸಾದಕ್ಕೆ ಕೈಮುಗಿಯುವುದನ್ನು ಕಲಿತ ನಾವು, ಅದನ್ನು ಸಿದ್ಧಪಡಿಸುವ ಕೈಗಳ ದುಡಿಮೆಯಲ್ಲಿ ಪಾಲುಗೊಳ್ಳುವುದನ್ನೂ ಕಲಿತೆವೆ?

ಇದು ಕೇವಲ ತರ್ಕದ ಪ್ರಶ್ನೆಯಲ್ಲವೆಂಬುದನ್ನು ಅರಿಯಲು ದಕ್ಷಿಣ ಬೆಂಗಳೂರಿನ ಶ್ರೀನಗರವನ್ನು ನೋಡಿದರೆ ಸಾಕು. ಹನುಮಂತನಗರ, ಗಿರಿನಗರ, ಬನಶಂಕರಿ ಮೊದಲನೆಯ ಹಂತಗಳಿಗೆ ಹೊಂದಿಕೊಂಡಿರುವ ಈ ಬಡಾವಣೆಯ ಕಿರುಮನೆಗಳಲ್ಲಿ, ಮಹಡಿಯ ಮೇಲಿನ ಒಂಟಿ ಕೋಣೆಗಳಲ್ಲಿ, ಊರಿನಿಂದ ಬಂದ ತರುಣ ತರುಣಿಯರು ನೆಲೆಸಿದ್ದಾರೆ. ಕೆಲವರು ಓದುವವರು, ಕೆಲವರು ಹೊಸದಾಗಿ ಉದ್ಯೋಗಕ್ಕೆ ಸೇರಿದವರು. ರಾತ್ರಿ ಎಂಟು ದಾಟಿದ ಮೇಲೆ ಈ ಬೀದಿಗಳಲ್ಲಿ ನಿಂತರೆ, ಬೆನ್ನಿಗೆ ಚೌಕಾಕಾರದ ಚೀಲವನ್ನು ಕಟ್ಟಿಕೊಂಡ ಹುಡುಗರು ಮನೆಯ ಸಂಖ್ಯೆಯನ್ನು ಹುಡುಕುತ್ತ ತಿರುಗುವುದು ಕಾಣುತ್ತದೆ. ಮೇಲಿನ ಕೋಣೆಯಲ್ಲಿ ಒಲೆಯಿದೆ, ಊರಿನಿಂದ ತಾಯಿ ಕಳುಹಿಸಿದ ಸಾರಿನ ಪುಡಿಯಿದೆ, ಕೈಕಾಲು ಗಟ್ಟಿಯಿರುವ ಮೂವರು ಯುವಕರಿದ್ದಾರೆ. ಆದರೂ ಅನ್ನ ಹೊರಗಿನಿಂದಲೇ ಬರಬೇಕು. ಅದನ್ನು ತಂದವನೂ ಅವರದೇ ವಯಸ್ಸಿನವನು. ಎಲ್ಲರೂ ಉಣ್ಣುವ ಹೊತ್ತಿನಲ್ಲಿ ಅವನಿಗೆ ಉಣ್ಣಲು ಬಿಡುವಿರುವುದಿಲ್ಲ.

ಇದಕ್ಕೆ ಕೊಡುವ ಮೊದಲ ಸಮಾಧಾನ, “ಸಮಯವೆಲ್ಲಿದೆ?” ಎಂಬುದು. ಈ ಮಾತನ್ನು ಪರೀಕ್ಷಿಸಿ ನೋಡೋಣ. ಒತ್ತಡದ ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿ ಉಷ್ಣತೆಯವರೆಗೆ ಏರುತ್ತದೆ. ತೆರೆದ ಪಾತ್ರೆಯಲ್ಲಿ 100 ಡಿಗ್ರಿಯನ್ನು ಮೀರುವುದಿಲ್ಲ. ಆದುದರಿಂದಲೇ ಹಿಂದೆ ಮುಕ್ಕಾಲು ಗಂಟೆ ಕುದಿಯಬೇಕಾಗಿದ್ದ ತೊಗರಿಬೇಳೆ ಇಂದು ಕೆಲವೇ ಕೂಗುಗಳಲ್ಲಿ ಬೇಯುತ್ತದೆ. ಕೆಳಗಿನ ಡಬ್ಬಿಯಲ್ಲಿ ಬೇಳೆ, ಮೇಲಿನ ಡಬ್ಬಿಯಲ್ಲಿ ಅಕ್ಕಿ. ಕುಕ್ಕರು ಕೂಗುವ ಹೊತ್ತಿಗೆ ಹುಣಸೆಹಣ್ಣು ನೆನೆದಿರುತ್ತದೆ, ತರಕಾರಿ ಹೆಚ್ಚಿ ಮುಗಿದಿರುತ್ತದೆ. ಒಗ್ಗರಣೆಯ ಸಾಸಿವೆ ಸಿಡಿದು ಸಾರು ಒಂದು ಕುದಿ ಬರುವುದರೊಳಗೆ ಒಟ್ಟು ನಲವತ್ತು ನಿಮಿಷ ಕಳೆಯುವುದು ಅಪರೂಪ. ಅದರಲ್ಲಿಯೂ ಅರ್ಧ ಕಾಲ ಒಲೆಯೇ ದುಡಿಯುತ್ತದೆ, ಮನುಷ್ಯನಲ್ಲ. ಹೊರಗಿನ ಊಟವನ್ನು ಆರಿಸಲು ಹತ್ತು ನಿಮಿಷ, ಕಾಯಲು ಮುಕ್ಕಾಲು ಗಂಟೆ ತೆರುವವನು ಸಮಯವಿಲ್ಲವೆನ್ನುವುದು ನ್ಯಾಯವೆ? ಅಡುಗೆಯನ್ನು ಬಿಟ್ಟು ಉಳಿಸಿದ ಆ ಗಂಟೆ ಅಧ್ಯಯನಕ್ಕೆ ಹೋಯಿತೆ, ಅನುಷ್ಠಾನಕ್ಕೆ ಹೋಯಿತೆ? ಅಂಗೈಯೊಳಗಿನ ಫೋನಿನ ಪರದೆಗೆ ಹೋಯಿತೆಂಬುದನ್ನು ಎಲ್ಲರೂ ಬಲ್ಲರು.

ಎರಡನೆಯ ಸಮಾಧಾನ, “ಒಬ್ಬನಿಗಾಗಿ ಅಡುವುದಕ್ಕಿಂತ ಹೋಟೆಲೇ ಮೇಲು” ಎಂಬುದು. ಹೋಟೆಲುಗಳನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಶ್ರೀನಗರಕ್ಕೆ ಸಮೀಪದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾದುದು, ಹೆಸರೇ ಸಾರುವಂತೆ, ವಿದ್ಯಾರ್ಥಿಗಳನ್ನು ನೆಚ್ಚಿಕೊಂಡೇ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ನಿಂತು ತಿನ್ನುವ ಅಗ್ಗದ ಉಪಾಹಾರ ಮಂದಿರಗಳು ನಗರದಾದ್ಯಂತ ಹಬ್ಬಿದವು. ಇವು ದುಡಿಯುವ ಜನರಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ವಾರಕ್ಕೊಮ್ಮೆ ದೋಸೆ ತಿನ್ನಲು ಹೋಗುವುದು ಬೇರೆ. ದಿನದ ಅನ್ನಕ್ಕಾಗಿ ಪರರ ಒಲೆಯನ್ನೇ ನಂಬುವುದು ಬೇರೆ. ಕೇಂದ್ರ ಸರ್ಕಾರದ 2022–23ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ, ನಗರವಾಸಿಗಳು ತಮ್ಮ ಒಟ್ಟು ಖರ್ಚಿನಲ್ಲಿ ಪಾನೀಯ, ತಿಂಡಿ ಮತ್ತು ಸಿದ್ಧ ಆಹಾರಗಳಿಗೆ ಶೇಕಡಾ 10.6ರಷ್ಟನ್ನು ತೆತ್ತರೆ, ಅಕ್ಕಿ, ಗೋಧಿ, ರಾಗಿ, ಜೋಳ ಮೊದಲಾದ ಧಾನ್ಯಗಳಿಗೆ ತೆರುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಧಾನ್ಯಕ್ಕಿಂತ ಸಿದ್ಧ ತಿನಿಸಿಗೆ ಇಮ್ಮಡಿಗೂ ಮಿಕ್ಕಿ ಹಣ! ಇನ್ನು ಆರೋಗ್ಯದ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಸೂತ್ರಗಳು ದಿನಕ್ಕೆ 5 ಗ್ರಾಂ ಉಪ್ಪನ್ನು ಮೀರಬೇಡಿರೆಂದು ಎಚ್ಚರಿಸುತ್ತವೆ. ದೇಶದ ರೋಗಭಾರದಲ್ಲಿ ಶೇಕಡಾ 56ಕ್ಕೂ ಹೆಚ್ಚಿನದು ಅನುಚಿತ ಆಹಾರದಿಂದ ಬಂದುದೆಂದು ಅಂದಾಜಿಸುತ್ತವೆ. ಉಪ್ಪೆಷ್ಟು, ಎಣ್ಣೆ ಎಷ್ಟು, ಆ ಎಣ್ಣೆ ಎಷ್ಟು ಬಾರಿ ಕಾದದ್ದು ಎಂಬುದು ಡಬ್ಬಿಯ ಮುಚ್ಚಳ ತೆಗೆದವನಿಗೆ ತಿಳಿಯದು. ಒಲೆಯ ಮುಂದೆ ನಿಂತವನಿಗೆ ಮಾತ್ರ ತಿಳಿಯುತ್ತದೆ.

ಮೂರನೆಯ ಸಮಾಧಾನವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲಕ್ಕಿಂತ ಆಳವಾಗಿ ಬೇರೂರಿರುವುದು ಅದೇ. ಅಡುಗೆ ಹೆಂಗಸರ ಕೆಲಸ, ಮದುವೆಯಾಗುವವರೆಗೆ ಹೇಗೋ ನಡೆದೀತು ಎಂಬ ಭಾವನೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ದಿನವೊಂದರಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಶೇಕಡಾ 81.2, ಗಂಡಸರು ಶೇಕಡಾ 26.1. ಹಾಗೆ ತೊಡಗಿದವರಲ್ಲಿಯೂ ಹೆಂಗಸರು ದುಡಿದದ್ದು 299 ನಿಮಿಷ, ಗಂಡಸರು 97 ನಿಮಿಷ. ಇಂದು ಶ್ರೀನಗರದ ಬಸ್ಸಿನಲ್ಲಿ ಗಂಡ ಹೆಂಡಿರಿಬ್ಬರೂ ಕಛೇರಿಯಿಂದ ಒಂದೇ ಹೊತ್ತಿಗೆ ದಣಿದು ಇಳಿಯುತ್ತಾರೆ. ಮನೆ ಹೊಕ್ಕೊಡನೆ ಒಬ್ಬರು ಕುರ್ಚಿಗೆ, ಒಬ್ಬರು ಒಲೆಗೆ! ಆ ಕುರ್ಚಿಯಲ್ಲಿ ಕುಳಿತವನು ಕಾಯಕ ದಾಸೋಹಗಳನ್ನು ಕುರಿತು ವೇದಿಕೆಯ ಮೇಲೆ ಒಂದು ಗಂಟೆ ಮಾತನಾಡಬಲ್ಲನು. ಅಡುಗೆಯನ್ನು ಕಲಿಯದ ತರುಣನು ದುಡಿಮೆಯನ್ನು ತಪ್ಪಿಸಿಕೊಳ್ಳುವುದಿಲ್ಲ, ಅದನ್ನು ಮತ್ತೊಬ್ಬರ ಹೆಗಲಿಗೆ ದಾಟಿಸುತ್ತಾನೆ. ಇಂದು ಚೀಲ ಹೊತ್ತ ಹುಡುಗನ ಹೆಗಲಿಗೆ, ನಾಳೆ ಹೆಂಡತಿಯ ಹೆಗಲಿಗೆ; ಊರಿಗೆ ಹೋದಾಗ ಮಂಡಿನೋವಿನ ತಾಯಿಯ ಹೆಗಲಿಗೆ. ಇದು ಕಾಯಕ ತತ್ತ್ವಕ್ಕೆ ನೇರ ವಿರೋಧವಾದುದು.

ಶರಣರ ಚರಿತ್ರೆಯನ್ನು ನೋಡಿರಿ. ಆಯ್ದಕ್ಕಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಅಕ್ಕಿಯ ಚೀಲ ಕಟ್ಟಿದ್ದು ಗಂಡು, ಅಳತೆ ಹೇಳಿದ್ದು ಹೆಣ್ಣು. ಕೊಟ್ಟಣದ ಸೋಮಮ್ಮನು ಭತ್ತ ಕುಟ್ಟುವುದನ್ನೇ ಕಾಯಕವಾಗಿಸಿಕೊಂಡಳು. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನು ಕಲ್ಯಾಣದಲ್ಲಿ ಸೌದೆಯ ಹೊರೆ ಹೊತ್ತನು. ಅರಸನಾಗಿದ್ದವನು ಒಲೆಗೆ ಸೌದೆ ಹೊತ್ತನಾದರೆ, ನಮ್ಮ ಶ್ರೀನಗರದ ಪದವೀಧರನು ಒಲೆಗೆ ಬೆಂಕಿ ಹಚ್ಚಲು ಹಿಂಜರಿಯಬೇಕೆ? ಜೇಡರ ದಾಸಿಮಯ್ಯನು ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಹಿಡಿದು, ಪಾಯಸ ಮಾಡಬಲ್ಲ ಕನ್ಯೆಯನ್ನು ಅರಸಿದನೆಂಬ ಕಥೆಯನ್ನು ಮುಂದೊಡ್ಡುವವರೂ ಇದ್ದಾರೆ. ಆ ಕಥೆ ಕೊಂಡಾಡುವುದು ದುಗ್ಗಳೆಯ ಬುದ್ಧಿಯನ್ನು. ಗಂಡಸಿಗೆ ಅಡುಗೆಮನೆಯಿಂದ ರಜೆ ಕೊಡುವ ಮಾತು ಅದರಲ್ಲಿಲ್ಲ.

ಇದುವರೆಗೆ ಕರ್ತವ್ಯದ ಮಾತಾಯಿತು. ಇದರಲ್ಲಿ ಸುಖದ ಮಾತೂ ಇದೆ. ಊರು ಬಿಟ್ಟು ಬಂದ ಮೊದಲ ವರ್ಷದ ಒಂಟಿತನವನ್ನು ಕಳೆಯುವ ಶಕ್ತಿ ಒಂದು ಬಟ್ಟಲು ಬಿಸಿ ಸಾರಿಗಿದೆ. ಉತ್ತರದ ಜಿಲ್ಲೆಯ ಹುಡುಗನು ಕಟಕು ರೊಟ್ಟಿಗೆ ಎಣ್ಣೆಗಾಯಿಯನ್ನು ತಾನೇ ಮಾಡಿಕೊಂಡ ದಿನ ಅವನಿಗೆ ನಗರ ಪರದೇಶವೆನಿಸುವುದಿಲ್ಲ. ಮಂಡ್ಯದ ಹುಡುಗಿ ಉಪ್ಪುಸಾರು ಕುದಿಸಿದರೆ ಕೋಣೆಯ ತುಂಬ ಅವಳ ಊರು. ಜೊತೆಗಾರನು ಜ್ವರದಿಂದ ಮಲಗಿದಾಗ ಅವನಿಗೆ ಬೇಕಾದುದು ಖಾರದ ಪಲಾವಲ್ಲ; ಮೆತ್ತಗಿನ ಗಂಜಿ, ಜೀರಿಗೆ ಮೆಣಸಿನ ಸಾರು. ಅದನ್ನು ಕಾಯಿಸಿ ಕೊಡಬಲ್ಲ ಕೈ ಪಕ್ಕದಲ್ಲಿರುವುದೇ ಸ್ನೇಹ. ಮಾಗಿಯಲ್ಲಿ ಗಾಂಧಿ ಬಜಾರಿಗೆ ಸೊಗಡಿನ ಅವರೆಕಾಯಿ ಬರುತ್ತದೆ. ಮೂವರು ಕುಳಿತು ಸುಲಿದು, ನೆನೆಸಿ, ಹಿತುಕಿದರೆ ಒಂದು ಸಂಜೆಯ ಮಾತುಕತೆಯೂ ಮುಗಿಯಿತು, ಮರುದಿನದ ಸಾರಿಗೆ ಬೇಳೆಯೂ ಸಿದ್ಧವಾಯಿತು. ಒಬ್ಬನಿಗಾಗಿ ಅಡುವುದು ಬೇಸರವೆನ್ನುವವರು ನೆರೆಯ ಕೋಣೆಯವರನ್ನು ಕೂಡಿಕೊಳ್ಳಲಿ. ನಾಲ್ವರಿದ್ದರೆ ಒಬ್ಬೊಬ್ಬರ ಸರದಿ ನಾಲ್ಕು ದಿನಕ್ಕೊಮ್ಮೆ ಮಾತ್ರ.

ಈಗ ಮಠ ಮತ್ತು ಪ್ರಸಾದ ನಿಲಯಗಳ ಹಿರಿಯರಲ್ಲಿ ವಿನಯಪೂರ್ವಕವಾದ ಬಿನ್ನಹ. ಸಿದ್ಧಗಂಗೆಯ ಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ, ಅವರ ಅಪೇಕ್ಷೆಯಂತೆ, ಮಕ್ಕಳ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ಹೊರಗೆಡಹಲಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ತಮ್ಮ ಅಗಲಿಕೆಯಿಂದ ಒಂದು ಮಗುವೂ ಹಸಿದಿರಬಾರದೆಂಬ ಆ ಕಳಕಳಿಯನ್ನು ನೆನೆದು ಕಣ್ಣೊರೆಸಿಕೊಂಡವರು ನಾವು. ಆ ಕಳಕಳಿಯನ್ನು ಮುಂದುವರಿಸುವ ಬಗೆ ಯಾವುದು? ದಾಸೋಹಕ್ಕೆ ಅಕ್ಕಿಯ ಮೂಟೆ ಕಳುಹಿಸುವುದು ಒಳ್ಳೆಯದೇ. ಅದರೊಡನೆ, ಪ್ರತಿಯೊಬ್ಬ ವಿದ್ಯಾರ್ಥಿಯೂ ನಿಲಯವನ್ನು ಬಿಡುವ ಮೊದಲು ಅನ್ನ, ಸಾರು, ಪಲ್ಯ, ಮುದ್ದೆ ಅಥವಾ ರೊಟ್ಟಿ, ಈ ನಾಲ್ಕನ್ನು ಸ್ವತಃ ಮಾಡಬಲ್ಲವನಾಗಿರಬೇಕೆಂಬ ನಿಯಮ ಬರಲಿ. ವರ್ಷಕ್ಕೆ ಒಂದು ವಾರ ಅಡುಗೆಮನೆಯ ಸರದಿ ಸಾಕು. ತಮ್ಮ ಕಟ್ಟಡದಲ್ಲಿ ಅಡುಗೆ ಕೂಡದೆಂದು ಫಲಕ ತೂಗುಹಾಕುವ ವಸತಿಗೃಹಗಳ ಒಡೆಯರಲ್ಲಿ ಭಕ್ತರೂ ಇರಬಹುದು. ಅವರು ಮಹಡಿಗೊಂದು ಒಲೆಯ ಮೂಲೆಯನ್ನು ಬಿಟ್ಟುಕೊಟ್ಟರೆ ಅದೂ ದಾಸೋಹವೇ. ತಾಯಂದಿರೂ ಮಗನಿಗೆ ಡಬ್ಬಿಗಳನ್ನು ತುಂಬಿ ಕಳುಹಿಸುವುದರ ಜೊತೆಗೆ, ಅವನು ರಜೆಗೆ ಬಂದಾಗ ಒಗ್ಗರಣೆಯ ಸೌಟನ್ನು ಅವನ ಕೈಗೆ ಕೊಡಲಿ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನಮ್ಮ ಪಾಲಿಗೆ ನಿಜವಾಗದಿರಲಿ. ಹೊಟ್ಟೆ ಕೆಟ್ಟ ಮೇಲೆ, ಸಂಸಾರದಲ್ಲಿ ಮಾತು ಮುರಿದ ಮೇಲೆ ಕಲಿಯುವುದಕ್ಕಿಂತ, ಇಪ್ಪತ್ತರ ಹರೆಯದಲ್ಲಿ ಕಲಿಯುವುದು ಸುಲಭ. ಮೊದಲ ದಿನ ಅನ್ನ ಮುದ್ದೆಯಾದೀತು, ಸಾರಿಗೆ ಉಪ್ಪು ಹೆಚ್ಚಾದೀತು. ಹತ್ತನೆಯ ದಿನ ಕೈ ಹದಕ್ಕೆ ಬರುತ್ತದೆ. ಮಠದ ಪಂಕ್ತಿಯಲ್ಲಿ ಕುಳಿತು ಉಂಡ ಪ್ರತಿಯೊಬ್ಬ ತರುಣನೂ ಈ ವಾರ ಒಂದು ಹೊತ್ತು ಒಲೆ ಹೊತ್ತಿಸಲಿ. ತಾನೇ ಅಟ್ಟು, ಮೊದಲು ಜೊತೆಗಿರುವವರಿಗೆ ಬಡಿಸಿ, ಅನಂತರ ತಾನು ಉಣ್ಣಲಿ.