ಎಲ್ಲ ತಪ್ಪೂ ಅಳಿಲಿನ ತಲೆಗೆ

ಬೇಸಿಗೆ ಏರುತ್ತಿದ್ದಂತೆ ಆಲೂರು, ಆದೋನಿಯ ಮಾಳಿಗೆಗಳ ಮೇಲೆ ಒಂದು ಕಾವಲು ಕೆಲಸ ಶುರುವಾಗುತ್ತದೆ. ಚಾಪೆಯ ಮೇಲೆ ಹರಡಿದ ಶೇಂಗಾ, ಬೀಜ ತೆಗೆದ ಹುಣಸೆಹಣ್ಣು, ಆಗಷ್ಟೇ ಒತ್ತಿದ ಸಂಡಿಗೆ. ಕಾಗೆ ಬಂದರೆ ಕೂಗಿ ಓಡಿಸಬಹುದು. ಅಳಿಲಿನ ವರಸೆಯೇ ಬೇರೆ. ಮಾಳಿಗೆಯ ಕೈಪಿಡಿ ಗೋಡೆಯ ಆ ತುದಿಗೆ ಓಡಿ, ಹಿಂತಿರುಗಿ ನೋಡಿ, ಕೋಲು ಹಿಡಿದವರು ಯಾವಾಗ ಒಳಗೆ ಹೋದಾರೆಂದು ಕಾಯುತ್ತದೆ.

ಆದರೆ ಅದು ತಿಂದದ್ದಕ್ಕಿಂತ ಕಡಿದದ್ದರ ಮೇಲೆಯೇ ಜನರಿಗೆ ಸಿಟ್ಟು ಹೆಚ್ಚು. ಇಂಟರ್ನೆಟ್ ವೈರು, ಸೊಳ್ಳೆ ಪರದೆಯ ಜಾಲರಿ, ಹೂಕುಂಡಕ್ಕೆ ನೀರು ಬಿಡುವ ಪೈಪು, ಮೂಲೆಯಲ್ಲಿ ಮಡಚಿಟ್ಟ ಹಾಸಿಗೆ. ಅಳಿಲಿನ ಮುಂಬಾಚಿ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುವುದರಿಂದ ಅದಕ್ಕೆ ಕಡಿಯುವುದು ಚಟವಲ್ಲ, ಅನಿವಾರ್ಯ. ಗೂಡಿಗೆ ಬೇಕಾದದ್ದು ನಾರು, ಚಿಂದಿ, ಹತ್ತಿ. ಹತ್ತಿ ಮಾರುಕಟ್ಟೆಗೆ ಹೆಸರಾದ ಆದೋನಿಯಲ್ಲಿ ಇದಕ್ಕೆ ಬರವಿರುವುದುಂಟೆ? ಅಂಗಡಿಯ ಶಟರ್ ಸುತ್ತಿಕೊಳ್ಳುವ ಪೆಟ್ಟಿಗೆ, ತಗಡಿನ ಶೀಟಿನ ಕೆಳಗಿನ ಸಂದು, ಏಸಿ ಪೈಪಿಗೆಂದು ಕೊರೆದು ಮುಚ್ಚದೆ ಬಿಟ್ಟ ತೂತು, ಕರೆಂಟ್ ಮೀಟರಿನ ಹಿಂಭಾಗ, ಇವೆಲ್ಲ ಅದರ ಬಾಣಂತಿ ಕೋಣೆಗಳು. ಸುಮಾರು ಒಂದು ತಿಂಗಳಿಗೆ ಸ್ವಲ್ಪ ಹೆಚ್ಚು ಬಸಿರು, ಸಾಮಾನ್ಯವಾಗಿ ಎರಡೋ ಮೂರೋ ಮರಿ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೆರಿಗೆ. ಒಂದನ್ನು ಓಡಿಸುವಷ್ಟರಲ್ಲಿ ಇನ್ನೊಂದು ಚಿಕ್ ಚಿಕ್ ಎನ್ನುತ್ತಿರುತ್ತದೆ.

ಹಾಗಾಗಿ ಕಾಟ ನಿಜ. ಅದನ್ನು ಅಲ್ಲಗಳೆದು, ಪಾಪದ ಪ್ರಾಣಿ ಎಂದು ಬುದ್ಧಿ ಹೇಳುವವರು ಬಹುಶಃ ಸಂಡಿಗೆ ಹಾಕಿದವರಲ್ಲ. ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಮನೆಯ ತೂತನ್ನೂ ಕಂಬದ ತಂತಿಯನ್ನೂ ಸರಿಪಡಿಸಬೇಕಾದ ಮನುಷ್ಯರು ಆ ಕೆಲಸ ಬಿಟ್ಟು ಅಂಗೈಯಷ್ಟು ಪ್ರಾಣಿಯ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಳ್ಳುತ್ತಿದ್ದಾರೆ. ಮನೆಯಲ್ಲಿ ಇದರ ಪರಿಣಾಮ ಇಲಿ ಪಾಷಾಣ. ಊರ ಮಟ್ಟಕ್ಕೆ ಬಂದರೆ ಅದು ಇನ್ನೂ ಗಂಭೀರ.

ದೂರ ಹೋಗಬೇಕಿಲ್ಲ, ಇದೇ ರಾಯಲಸೀಮೆಯಲ್ಲಿ ನಡೆದದ್ದು ನೋಡಿ. 2022ರ ಜೂನ್ 30ರಂದು ಶ್ರೀ ಸತ್ಯಸಾಯಿ ಜಿಲ್ಲೆಯ ತಾಡಿಮರ್ರಿ ಮಂಡಲದ ಚಿಲ್ಲಕೊಂಡಯ್ಯಪಲ್ಲಿ ಬಳಿ ಕೂಲಿಗೆ ಹೊರಟಿದ್ದವರ ಆಟೋದ ಮೇಲೆ ವಿದ್ಯುತ್ ತಂತಿ ಹರಿದುಬಿತ್ತು. ಆಟೋ ಹೊತ್ತಿ ಉರಿಯಿತು. ಐವರು ಹೆಣ್ಣುಮಕ್ಕಳು ಸುಟ್ಟು ಸತ್ತರು. ಅಂದೇ ವಿದ್ಯುತ್ ಅಧಿಕಾರಿಗಳು ಕೊಟ್ಟ ವಿವರಣೆ: ಅಳಿಲೊಂದು ತಂತಿಯ ಮೇಲೆ ಹಾರಿತು, ಶಾರ್ಟ್ ಸರ್ಕಿಟ್ ಆಗಿ ತಂತಿ ತುಂಡಾಯಿತು. ಮಾತು ಕೇಳಿದ ರಾಜ್ಯ ಗೇಲಿ ಮಾಡಿತು, ವಿರೋಧ ಪಕ್ಷ ಹರಿಹಾಯ್ದಿತು, ಕೆಲ ದಿನ ಅಳಿಲಿನದೇ ಚರ್ಚೆ.

ಅಳಿಲಿನಿಂದ ಹಾಗಾಗುವುದು ಅಸಾಧ್ಯವೇನಲ್ಲ. ಒಂದೇ ತಂತಿಯ ಮೇಲೆ ಓಡುವ ಅಳಿಲಿಗೆ ಏನೂ ಆಗುವುದಿಲ್ಲ. ಕಂಬದ ತುದಿಯಲ್ಲಿರುವ ಕಬ್ಬಿಣದ ಅಡ್ಡಪಟ್ಟಿ ನೆಲಕ್ಕೆ ಅರ್ತ್ ಆಗಿರುತ್ತದೆ. ಅದರ ಮೇಲೆ ಪಿಂಗಾಣಿಯ ಇನ್ಸುಲೇಟರ್, ಅದರ ನೆತ್ತಿಯಲ್ಲಿ 11 ಕೆವಿ ತಂತಿ. ಹಿಂಗಾಲು ಪಟ್ಟಿಯ ಮೇಲಿರುವಾಗಲೇ ಮುಂಗಾಲು ತಂತಿಗೆ ತಗುಲಿದರೆ ಕರೆಂಟು ಅದರ ಮೈಯೊಳಗಿಂದ ನೆಲಕ್ಕೆ ಹರಿಯುತ್ತದೆ. ಕಿಡಿ ಎದ್ದು, ಆ ಕಾವಿಗೆ ಹಳೆಯ, ಸವೆದ ತಂತಿ ಕರಗಿ ತುಂಡಾಗಲೂಬಹುದು.

ಕೇಳಬೇಕಾದ ಪ್ರಶ್ನೆ ಅದರ ನಂತರದ್ದು. ಹರಿದುಬಿದ್ದ ತಂತಿಯಲ್ಲಿ ಕರೆಂಟು ಉಳಿದದ್ದು ಹೇಗೆ? ಇಂಥ ದೋಷ ಕಂಡ ಕೂಡಲೇ ಸಬ್‌ಸ್ಟೇಷನ್ನಿನ ಬ್ರೇಕರ್ ಬೀಳಬೇಕು, ಅದು ಇರುವುದೇ ಅದಕ್ಕೆ. ಒಣ ನೆಲದ ಮೇಲೆ ಬಿದ್ದ ತಂತಿಯಿಂದ ಹರಿಯುವ ಪ್ರವಾಹ ಕಡಿಮೆಯಾದ್ದರಿಂದ ಸಾಮಾನ್ಯ ರಿಲೇ ಅದನ್ನು ಗುರುತಿಸದೆ ಹೋಗಬಹುದು. ಇದು ಎಂಜಿನಿಯರುಗಳಿಗೆ ಬಹುಕಾಲದಿಂದ ಗೊತ್ತಿರುವ ತೊಡಕು. ಅದಕ್ಕೆಂದೇ ಹೆಚ್ಚು ಸೂಕ್ಷ್ಮ ರಿಲೇಗಳಿವೆ, ರಸ್ತೆ ದಾಟುವ ಕಡೆ ತಂತಿ ನೆಲಕ್ಕೆ ಬೀಳದಂತೆ ಕೆಳಗೆ ಗಾರ್ಡ್ ತಂತಿ ಕಟ್ಟುವ ರೂಢಿಯಿದೆ, ಕಂಬದ ಬಳಿ ತಂತಿಗೆ ತೊಡಿಸುವ ಕವಚಗಳೂ ಬಂದಿವೆ. ಅಳಿಲು ಮರ ಹತ್ತುವುದು, ಕಂಬ ಹತ್ತುವುದು ಹೊಸ ಸುದ್ದಿಯಲ್ಲ. ಅದು ಹತ್ತಿಯೇ ಹತ್ತುತ್ತದೆ ಎಂದು ತಿಳಿದೇ ಲೈನ್ ಎಳೆಯಬೇಕು.

ತಾಡಿಮರ್ರಿಯ ದುರಂತಕ್ಕೆ ಒಂದು ವರ್ಷ ಮುಂಚೆ, 2021ರ ಜೂನ್‌ನಲ್ಲಿ, ತಮಿಳುನಾಡಿನ ಅಂದಿನ ವಿದ್ಯುತ್ ಸಚಿವ ವಿ. ಸೆಂಥಿಲ್ ಬಾಲಾಜಿ ಪವರ್ ಕಟ್‌ಗೆ ಅಳಿಲೂ ಒಂದು ಕಾರಣ ಎಂದು ನಗೆಪಾಟಲಿಗೆ ಈಡಾಗಿದ್ದರು. ಚೆನ್ನೈಯಲ್ಲಿ ತಂತಿ ನೆಲದಡಿ ಹೋಗುತ್ತದಲ್ಲ, ಅಲ್ಲಿ ಅಳಿಲು ಬಿಲ ತೋಡುತ್ತದೆಯೇ ಎಂದು ಪಿಎಂಕೆ ಪಕ್ಷದ ರಾಮದಾಸ್ ಛೇಡಿಸಿದರು. ನಗುವಿನ ಗದ್ದಲದಲ್ಲಿ ಸಚಿವರ ಮಾತಿನ ಇನ್ನರ್ಧ ಯಾರ ಕಿವಿಗೂ ಬೀಳಲಿಲ್ಲ. ತಿಂಗಳುಗಟ್ಟಲೆ ನಿರ್ವಹಣೆ ನಡೆದಿಲ್ಲ, ಗಿಡ ಬೆಳೆದು ತಂತಿಗೆ ತಗುಲಿವೆ, ಅಲ್ಲಿಂದ ಅಳಿಲು ಹತ್ತುತ್ತಿವೆ ಎಂದೂ ಅವರು ಹೇಳಿದ್ದರು. ಕೆಲಸಕ್ಕೆ ಬರುವ ಮಾತು ಅದು. ಅಳಿಲಿನಿಂದ ಕರೆಂಟು ಕೈಕೊಡುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆಯ ಕಂಪ್ಯೂಟರುಗಳನ್ನು 1987ರ ಡಿಸೆಂಬರ್‌ನಲ್ಲಿ ಒಂದು ಅಳಿಲು ಸುಮಾರು ಒಂದೂವರೆ ಗಂಟೆ ನಿಲ್ಲಿಸಿತ್ತು. 1994ರಲ್ಲಿ ಮತ್ತೊಂದು ಅಳಿಲು ಅದೇ ಕೆಲಸ ಮಾಡಿತು. ಕೋಟ್ಯಂತರ ಡಾಲರ್ ವಹಿವಾಟಿನ ಸಂಸ್ಥೆಗೇ ಎರಡು ಸಲ ಪಾಠ ಬೇಕಾಯಿತು.

ಇನ್ನು ಮನೆಯ ವಿಷಯಕ್ಕೆ ಬರೋಣ. ಅಳಿಲು ಓಡಿಸುವ ಉಪಾಯಗಳೆಂದು ಮೊಬೈಲಿನಲ್ಲಿ ಹರಿದಾಡುವ ಬಹಳಷ್ಟು ಸಲಹೆ ಇಂಗ್ಲೆಂಡ್, ಅಮೆರಿಕದ ಬೂದು ಅಳಿಲನ್ನು ಕುರಿತದ್ದು. ಅರ್ಧ ಕಿಲೋ ತೂಗುವ ಆ ಪ್ರಾಣಿಯನ್ನು 1876ರಲ್ಲಿ ಇಂಗ್ಲೆಂಡಿಗೆ ತಂದುಬಿಟ್ಟವರು ಮನುಷ್ಯರೇ. ಈಗ ಹಿಡಿದದ್ದನ್ನು ಮತ್ತೆ ಹೊರಗೆ ಬಿಡುವುದು ಅಲ್ಲಿ ಕಾನೂನುಬಾಹಿರ. ನಮ್ಮ ಬೆನ್ನಿಗೆ ಮೂರು ಗೀರಿನ ಅಳಿಲು ನೂರು ಗ್ರಾಂ ಆಸುಪಾಸಿನದು, ವಿಂಧ್ಯದ ಕೆಳಗಿನ ಭಾರತ ಮತ್ತು ಶ್ರೀಲಂಕಾದ ಮೂಲ ನಿವಾಸಿ. ಅದರ ಸೋದರ, ಐದು ಗೀರಿನದು, 1898ರಲ್ಲಿ ಆಸ್ಟ್ರೇಲಿಯದ ಪರ್ತ್ ಸೇರಿ ಅಲ್ಲಿ ಉಪದ್ರವವಾಗಿದೆ ಎಂಬುದು ಬೇರೆ ಕಥೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಗೆ, ಇಲಿ, ಹಣ್ಣುಬಾವಲಿಗಳನ್ನು ಉಪದ್ರವಿಗಳ ಪಟ್ಟಿಗೆ ಹಾಕಿದಾಗಲೂ ಅಳಿಲನ್ನು ಅದರಲ್ಲಿ ಸೇರಿಸಲಿಲ್ಲ. ಐದು ಗೀರಿನ ಅಳಿಲಿಗಂತೂ ನಾಲ್ಕನೇ ಅನುಸೂಚಿಯಲ್ಲಿ ರಕ್ಷಣೆಯೇ ಸಿಕ್ಕಿತ್ತು. 2022ರ ತಿದ್ದುಪಡಿ ಆ ಉಪದ್ರವಿಗಳ ಪಟ್ಟಿಯನ್ನೇ ತೆಗೆದುಹಾಕಿತು.

ಭಕ್ತಿಯ ಲೆಕ್ಕ ತೆಗೆದರೂ ಅಳಿಲಿಗೆ ಇಲ್ಲಿ ಕಡಿಮೆಯಿಲ್ಲ. ಸೇತುವೆಗೆ ಮರಳು ಹೊತ್ತ ಅಳಿಲು ವಾಲ್ಮೀಕಿಯಲ್ಲಿ ಸಿಗುವುದಿಲ್ಲ. ಗೋನ ಬುದ್ಧಾರೆಡ್ಡಿ ರಚಿಸಿದನೆನ್ನುವ ತೆಲುಗಿನ ರಂಗನಾಥ ರಾಮಾಯಣದಲ್ಲಿ ಸಿಗುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆಲೂರು, ಆದೋನಿ ತಾಲ್ಲೂಕುಗಳ ಮನೆಗಳಲ್ಲಿ ಈ ಕಥೆ ಕನ್ನಡ, ತೆಲುಗು ಎರಡರಲ್ಲೂ ನಡೆಯುತ್ತದೆ. ಅದೇ ಮನೆಯಿಂದ ಪಾಷಾಣದ ಚೀಟಿಯೂ ಅಂಗಡಿಗೆ ಹೋಗುತ್ತದೆ.

ಪಾಷಾಣ ಕೆಟ್ಟ ಉಪಾಯ ಎನ್ನಲು ಧರ್ಮಶಾಸ್ತ್ರ ಬೇಕಿಲ್ಲ. ಜಿಂಕ್ ಫಾಸ್ಫೈಡ್ ಕಲಸಿದ ಉಂಡೆಯನ್ನು ಅಳಿಲೇ ತಿನ್ನಬೇಕೆಂದೇನಿಲ್ಲ, ಅಂಗಳದ ಕೋಳಿ ತಿನ್ನುತ್ತದೆ, ನಾಯಿ ತಿನ್ನುತ್ತದೆ, ತೆವಳುವ ಮಗುವಿನ ಕೈಗೂ ಸಿಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುವ ಬ್ರೊಮಡಿಯೋಲೋನ್ ಬಿಲ್ಲೆಗಳು ನಿಧಾನದವು. ತಿಂದ ಪ್ರಾಣಿ ದಿನಗಟ್ಟಲೆ ತಿರುಗಾಡಿ ಬೆಕ್ಕಿಗೋ ಗೂಬೆಗೋ ಆಹಾರವಾಗಿ ಅದಕ್ಕೂ ವಿಷವುಣಿಸುತ್ತದೆ. ಊರಿನ ಇಲಿ ಹಿಡಿಯುವ ಬೆಕ್ಕು, ಗೂಬೆಗಳೇ ಹೀಗೆ ಸತ್ತರೆ ಲಾಭ ಇಲಿಗೆ. ಅಂಟು ಹಲಗೆ ಇನ್ನೂ ಕ್ರೂರ. ಸಿಕ್ಕಿಬಿದ್ದದ್ದು ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. ಅದನ್ನು ಬಳಸಬಾರದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಹೇಳಿದೆ. ಆದರೂ ಕಿರಾಣಿ ಅಂಗಡಿಗಳಲ್ಲಿ ಸಿಗುವುದು ನಿಂತಿಲ್ಲ.

ಬೋನಿನಲ್ಲಿ ಹಿಡಿದು ಊರಾಚೆ ಬಿಡುವವರು ತಾವು ದಯಾವಂತರೆಂದುಕೊಂಡಿರುತ್ತಾರೆ. ಹಿಡಿದದ್ದು ತಾಯಿಯಾಗಿದ್ದರೆ ಶೀಟಿನ ಕೆಳಗಿನ ಮರಿಗಳು ಉಪವಾಸ ಸಾಯುತ್ತವೆ, ವಾಸನೆ ಮನೆಯವರ ಪಾಲು. ತೂತೂ ತೀನಿಯೂ ಹಾಗೆಯೇ ಇದ್ದರೆ ಖಾಲಿಯಾದ ಜಾಗಕ್ಕೆ ಪಕ್ಕದ ಬೇವಿನ ಮರದಿಂದ ಇನ್ನೊಂದು ಬರುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ತೂತು. ಗಾರೆ, ಇಲ್ಲವೆ ಅರ್ಧ ಇಂಚಿನ ಕಣ್ಣಿನ ಕಬ್ಬಿಣದ ಜಾಲರಿ. ಪ್ಲಾಸ್ಟಿಕ್ ಜಾಲರಿ, ಥರ್ಮೋಕೋಲ್, ಬಟ್ಟೆ ತುರುಕುವುದು ಅಳಿಲಿಗೆ ಗೂಡಿನ ಸಾಮಾನು ಒದಗಿಸಿದಂತೆ. ಮುಚ್ಚುವ ಮುನ್ನ ಒಳಗೆ ಮರಿಗಳಿವೆಯೇ ನೋಡಬೇಕು. ಇದ್ದರೆ ಅವು ಓಡಾಡುವಷ್ಟು ಬೆಳೆದು ಹೊರಬೀಳುವವರೆಗೆ ಎರಡು ತಿಂಗಳಿಗೂ ಮೀರಿ ತಾಳ್ಮೆ ಬೇಕು, ಬೇರೆ ದಾರಿಯಿಲ್ಲ. ಮಾಳಿಗೆಗೆ ಚಾಚಿದ ಕೊಂಬೆಯನ್ನು ಐದಾರು ಅಡಿ ಹಿಂದಕ್ಕೆ ಕಡಿದರೆ ಅರ್ಧ ಓಡಾಟ ನಿಲ್ಲುತ್ತದೆ. ಸಂಡಿಗೆ, ಶೇಂಗಾ ಒಣಗಿಸಲು ನಾಲ್ಕು ಕಡೆ ಕಲ್ಲಿಟ್ಟ ಕಬ್ಬಿಣದ ಜಾಲರಿ ಚೌಕಟ್ಟು ಸಾಕು, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ.

ನೀರಿನ ಟ್ಯಾಂಕಿನದು ಬೇರೆಯೇ ಮಾತು ಬೇಡುವ ವಿಷಯ. ನೀರು ಅಪರೂಪವಾದ ಈ ಸೀಮೆಯಲ್ಲಿ ಮನೆ ಮನೆಗೂ ತೊಟ್ಟಿ, ಮಾಳಿಗೆಯ ಮೇಲೆ ಕಪ್ಪು ಟ್ಯಾಂಕು. ಮುಚ್ಚಳ ಒಡೆದದ್ದೇ ಹೆಚ್ಚು. ಬಾಯಾರಿ ಇಣುಕಿದ ಅಳಿಲು ಒಳಗೆ ಬಿದ್ದರೆ ನುಣುಪಾದ ಗೋಡೆ ಹತ್ತಲಾಗದೆ ಸಾಯುತ್ತದೆ, ಮನೆಯವರು ಅದೇ ನೀರು ಕುಡಿಯುತ್ತಿರುತ್ತಾರೆ. ಹೊಸ ಮುಚ್ಚಳದ ಬೆಲೆ ಒಂದು ಆಸ್ಪತ್ರೆ ಚೀಟಿಗಿಂತ ಕಡಿಮೆ. ಹೊಲದಲ್ಲಿ ಹನಿ ನೀರಾವರಿಯ ಪೈಪನ್ನು ಬೇಸಿಗೆಯಲ್ಲಿ ಅಳಿಲು, ಇಲಿ ಕಡಿಯುವುದೂ ಬಹುಮಟ್ಟಿಗೆ ಬಾಯಾರಿಕೆಗೇ. ಬದುವಿನ ಮೇಲೆ ಅಲ್ಲಲ್ಲಿ ಮಡಕೆಯ ಚೂರಿನಲ್ಲಿ ನೀರಿಟ್ಟು ಪೈಪು ಉಳಿಸಿಕೊಳ್ಳುವ ರೈತರಿದ್ದಾರೆ. ಮಾಳಿಗೆಯ ಮೂಲೆಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಹಕ್ಕಿಗೆಂದು ಕಾಳು ಇಟ್ಟು ಅಳಿಲು ಬಂತೆಂದು ಗೊಣಗುವವರಿಗೂ ಒಂದು ದಾರಿಯುಂಟು. ಮೆಣಸಿನಕಾಯಿಯ ಖಾರ ಸಸ್ತನಿಗಳ ನಾಲಿಗೆಗೆ ಉರಿ, ಹಕ್ಕಿಗಳಿಗೆ ಅದರ ಅರಿವೇ ಆಗುವುದಿಲ್ಲ. ಕಾಳಿಗೆ ಖಾರದ ಪುಡಿ ಬೆರೆಸಿದರೆ ಗಿಣಿ, ಗುಬ್ಬಿ ತಿನ್ನುತ್ತವೆ, ಅಳಿಲು ಮುಖ ಸಿಂಡರಿಸಿ ಹೋಗುತ್ತದೆ. ಬ್ಯಾಡಗಿ ಇದಕ್ಕೆ ಆಗದು, ಅದು ಬಣ್ಣಕ್ಕೆ ಸರಿ. ಇಲ್ಲಿ ಗುಂಟೂರಿನದೇ ಬೇಕು.

ಕಾಸರಗೋಡು, ದಕ್ಷಿಣ ಕನ್ನಡದ ಕೋಕೋ ತೋಟದವರದ್ದು ನಿಜವಾದ ನಷ್ಟ. ಅಳಿಲು ಹಣ್ಣು ಕೊರೆದು ಸಿಹಿ ಲೋಳೆ ತಿಂದು ಬೀಜ ಚೆಲ್ಲುತ್ತದೆ. ಅಲ್ಲಿನ ತಜ್ಞರು ಮೊದಲು ಹೇಳುವ ಪರಿಹಾರವೂ ಹಣ್ಣಾದ ಕೂಡಲೇ ಕೊಯ್ಯಿರಿ ಎಂಬುದೇ. ಹಿತ್ತಲಿನ ಪೇರಲ, ಸೀತಾಫಲಕ್ಕೂ ಇದು ಸಲ್ಲುತ್ತದೆ.

ಅಳಿಲು ಕಚ್ಚಿದರೆ ಹುಚ್ಚುನಾಯಿ ರೋಗ ಬರುತ್ತದೆಂಬ ಭಯ ಹಲವರಿಗಿದೆ. ಅಳಿಲು, ಇಲಿಯಂಥ ಸಣ್ಣ ದಂಶಕಗಳಲ್ಲಿ ರೇಬೀಸ್ ಕಂಡುಬರುವುದು ತೀರಾ ಅಪರೂಪ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋದರೆ ಧನುರ್ವಾಯು ಚುಚ್ಚುಮದ್ದಿನ ವಿಷಯವನ್ನು ವೈದ್ಯರು ತೀರ್ಮಾನಿಸುತ್ತಾರೆ. ಅಂದಹಾಗೆ, ಬರಿಗೈಯಲ್ಲಿ ಹಿಡಿಯಲು ಹೋಗದಿದ್ದರೆ ಅದು ಕಚ್ಚುವ ಗೋಜಿಗೇ ಬರುವುದಿಲ್ಲ.

ಮನೆಯ ತೂತು ಮನೆಯವರು ಮುಚ್ಚಬಹುದು. ಬೀದಿಯ ಮರದ ಕೊಂಬೆ 11 ಕೆವಿ ತಂತಿಗೆ ತಾಗುತ್ತಿದ್ದರೆ ಮಚ್ಚು ಹಿಡಿದು ಯಾರೂ ಹತ್ತಬಾರದು, ಅದು ಲೈನ್‌ಮನ್‌ನ ಕೆಲಸ. ವಿದ್ಯುತ್ ದೂರಿಗೆ ಆಂಧ್ರದಲ್ಲೂ ಕರ್ನಾಟಕದಲ್ಲೂ ಇರುವ ಸಂಖ್ಯೆ 1912. ಮುಂಗಾರಿಗೆ ಮುಂಚೆಯೇ ಕರೆ ಮಾಡಿ, ಕಂಬದ ಮೇಲಿನ ನಂಬರ್ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಮುಂದೆ ಯಾವಾಗಲಾದರೂ ಆ ಕಂಬದಲ್ಲಿ ಅಳಿಲಿನಿಂದಲೇ ಕರೆಂಟು ಹೋಯಿತೆಂಬ ಉತ್ತರ ಬಂದರೆ, ದೂರು ಕೊಟ್ಟ ತಾರೀಖನ್ನು ಮುಂದಿಡಲು ಆ ಚೀಟಿ ಬೇಕಾಗುತ್ತದೆ.