ಅಧಿಕಾರಿಗೂ ಗಡುವಿರಲಿ

ಪುಣೆಯ ವಾರ್ಡೊಂದರಲ್ಲಿ ಮದ್ಯದಂಗಡಿ ಮುಚ್ಚಿಸುವ ಅಧಿಕಾರ ಅಲ್ಲಿನ ಮಹಿಳೆಯರಿಗಿದೆ ಎಂಬುದು ನಮ್ಮ ಎಷ್ಟು ಮನೆಗಳಿಗೆ ತಿಳಿದಿದೆ? ಕರ್ನಾಟಕದಲ್ಲಿ 2007ರ ಸಾರಾಯಿ ನಿಷೇಧ ಸರ್ಕಾರದ ತೀರ್ಮಾನದಿಂದ ಬಂದಿತು. ಮಹಾರಾಷ್ಟ್ರದ ದಾರಿ ಬೇರೆ. 2008ರ ಆದೇಶದನ್ವಯ ಮಹಿಳಾ ಮತದಾರರಲ್ಲಿ ಶೇ. 25ರಷ್ಟು ಮಂದಿ ಸಹಿ ಮಾಡಿ ಅರ್ಜಿ ಕೊಟ್ಟರೆ, ಸಹಿಗಳ ಪರಿಶೀಲನೆಯ ಬಳಿಕ ಗುಪ್ತ ಮತದಾನ ನಡೆಯಬೇಕು. ಮತಪತ್ರದಲ್ಲಿ ಎರಡೇ ಚಿತ್ರ: ನಿಂತ ಬಾಟಲಿ, ಮಲಗಿದ ಬಾಟಲಿ. ಮರಾಠಿಯಲ್ಲಿ ‘ಉಭೀ ಬಾಟಲಿ, ಆಡವೀ ಬಾಟಲಿ’ ಎನ್ನುವುದು ಇದನ್ನೇ. ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಬಾಟಲಿಯನ್ನು ಆರಿಸಿದರೆ ಅಂಗಡಿಗೆ ಬೀಗ.

ಹಕ್ಕು ದೊಡ್ಡದು. ಆದರೆ ಅದರ ಜೀವ ಇರುವುದು ಕಾಲದಲ್ಲಿ. ಸಹಿ ಬಿದ್ದ ದಿನಕ್ಕೂ ಮತ ಬೀಳುವ ದಿನಕ್ಕೂ ನಡುವೆ ತಿಂಗಳುಗಳು ಉರುಳಿದರೆ ಬಾಡಿಗೆದಾರರು ಮನೆ ಬದಲಿಸುತ್ತಾರೆ, ಹೆಣ್ಣುಮಕ್ಕಳು ಮದುವೆಯಾಗಿ ಹೋಗುತ್ತಾರೆ, ಸಹಿ ಮಾಡಿದವಳ ಮನೆಬಾಗಿಲಿಗೆ ಅಂಗಡಿಯವನ ಆಪ್ತರು ‘ಸುಮ್ಮನೆ ಮಾತಾಡಲು’ ಬರುತ್ತಾರೆ. ವಿಳಂಬ ಎಂದಿಗೂ ನಿಷ್ಪಕ್ಷಪಾತಿಯಲ್ಲ. ಅದು ನಿಂತ ಬಾಟಲಿಯ ಕಡೆಯ ಮತದಾರ.

ಲೆಕ್ಕ ಹಾಕಿ ನೋಡೋಣ. ಪಟ್ಟಿಯಲ್ಲಿ 10,000 ಮಹಿಳೆಯರಿದ್ದಾರೆ ಎನ್ನಿ. ಮತಗಟ್ಟೆಗೆ 6,500 ಮಂದಿ ಬಂದು, ಅವರಲ್ಲಿ 4,900 ಮಂದಿ ಅಂಗಡಿ ಬೇಡವೆಂದರೂ ಅಂಗಡಿ ಉಳಿಯುತ್ತದೆ, ಬೇಕಾದದ್ದು 5,001. ಊರು ಬಿಟ್ಟವರು, ತೀರಿಕೊಂಡು ಪಟ್ಟಿಯಲ್ಲಿ ಮಾತ್ರ ಬದುಕಿರುವವರು, ಎಲ್ಲರೂ ಮದ್ಯದ ಪರವೆಂದೇ ಎಣಿಕೆ!

ಸ್ವಿಟ್ಜರ್ಲೆಂಡಿನಲ್ಲಿ ಸಂವಿಧಾನ ತಿದ್ದುಪಡಿಗೆ ಒತ್ತಾಯಿಸುವ ಪ್ರಜೆಗಳು 18 ತಿಂಗಳೊಳಗೆ 1,00,000 ಸಹಿ ಕೂಡಿಸಬೇಕು. ಕಠಿಣವೇ ಸರಿ. ಆದರೆ ಸಹಿ ಸಲ್ಲಿಕೆಯಾದ ಮೇಲೆ ಅಲ್ಲಿನ ಸರ್ಕಾರಕ್ಕೂ ಸಂಸತ್ತಿಗೂ ಕಾನೂನೇ ಗಡುವು ಹಾಕಿದೆ. ನಾವು ಕೇಳಬೇಕಾದದ್ದೂ ಈ ಪರಸ್ಪರತೆಯನ್ನೇ. ಅರ್ಜಿ ಸಲ್ಲಿಸಿದ ದಿನದ ಮತದಾರರ ಪಟ್ಟಿಯೇ ಕೊನೆಯವರೆಗೆ ಪ್ರಮಾಣವಾಗಲಿ, ಮೃತರ ಹೆಸರುಗಳನ್ನು ಮಾತ್ರ ಕಳೆಯಲಿ. ಸಹಿ ಪರಿಶೀಲನೆಗೆ 30 ದಿನ, ಅಲ್ಲಿಂದ ಮತದಾನಕ್ಕೆ 30 ದಿನ ಸಾಕು. ಮತದಾನ ಭಾನುವಾರವೇ ಆಗಲಿ. ಅಬಕಾರಿ ಅಧಿಕಾರಿ ಗಡುವು ಮೀರಿದರೆ ಸಹಿಗಳು ಸಿಂಧುವೆಂದೇ ಭಾವಿಸಲ್ಪಡಲಿ. ನಡುವೆ ನಿಯಮ ಬದಲಾದರೆ ಅದು ಮುಂದಿನ ಅರ್ಜಿಗೆ ಅನ್ವಯವಾಗಲಿ, ಕೈಯಲ್ಲಿರುವ ಅರ್ಜಿಗಲ್ಲ. ಅವಸರದಲ್ಲಿ ಸುಳ್ಳು ಸಹಿಗಳು ನುಸುಳುತ್ತವೆ ಎಂಬ ಆಕ್ಷೇಪ ಬರಬಹುದು. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರಿಸುವ ಆಡಳಿತಕ್ಕೆ ಕೆಲವು ಸಾವಿರ ಸಹಿಗಳನ್ನು ಪಟ್ಟಿಯೊಡನೆ ತಾಳೆ ನೋಡುವುದು ಅಸಾಧ್ಯವೇ? ಮಹಾರಾಷ್ಟ್ರದ 2015ರ ಸೇವಾ ಹಕ್ಕು ಕಾಯಿದೆಯಡಿ ಈ ಪರಿಶೀಲನೆಯನ್ನೂ ಕಾಲಮಿತಿಯ ಸೇವೆಯೆಂದು ಅಧಿಸೂಚಿಸಲಿ.

2025ರ ಮಾರ್ಚ್‌ನಲ್ಲಿ ಅಂದಿನ ಉಪಮುಖ್ಯಮಂತ್ರಿ ಅಜಿತ್ ಪವಾರ್ ಅವರು, ವಸತಿ ಸಂಘದ ಆವರಣದಲ್ಲಿ ಮದ್ಯದಂಗಡಿ ತೆರೆಯಲು ಸಂಘದ ನಿರಾಕ್ಷೇಪಣಾ ಪತ್ರ ಕಡ್ಡಾಯವೆಂದು ವಿಧಾನಸಭೆಯಲ್ಲಿ ಘೋಷಿಸಿದರು. ಸ್ವಾಗತಾರ್ಹ. ಆದರೆ ಸಂಘವೇ ಇಲ್ಲದ ವಠಾರದ ಹೆಂಗಸಿಗೆ ಉಳಿದಿರುವುದು ಆ ಬಾಟಲಿಯ ಚಿತ್ರವೊಂದೇ.

ಇನ್ನು ನಮ್ಮ ಮಾತು. ಸಮಂತಭದ್ರಾಚಾರ್ಯರು ಮದ್ಯತ್ಯಾಗವನ್ನು ಶ್ರಾವಕರ ಮೂಲಗುಣಗಳಲ್ಲಿ ಸೇರಿಸಿದ್ದಾರೆ. ದಶಲಕ್ಷಣ ಪರ್ವದಲ್ಲಿ ಅದರ ಮೇಲೆ ಪ್ರವಚನಗಳಿಗೇನೂ ಕೊರತೆಯಿಲ್ಲ. ಹೀಗಿದ್ದೂ ಪುಣೆಯಲ್ಲಿ ದಶಕಗಳಿಂದ ನೆಲೆಸಿದ ಕನ್ನಡ ಶ್ರಾವಿಕೆಯರ ಹೆಸರು ಇನ್ನೂ ಬೆಳಗಾವಿಯ, ಧಾರವಾಡದ ಪಟ್ಟಿಗಳಲ್ಲಿದ್ದರೆ ಅವರ ಸಹಿ ಇಲ್ಲಿ ಎಣಿಕೆಗೇ ಬಾರದು. ವಾಸಸ್ಥಳ ಬದಲಾವಣೆಗೆ ಚುನಾವಣಾ ಆಯೋಗದ ನಮೂನೆ 8 ಇದೆ. ಈ ಚಾತುರ್ಮಾಸ್ಯದಲ್ಲಿ ಪ್ರತಿ ಬಸದಿಯ ಸಭಾಂಗಣದಲ್ಲಿ ಒಂದು ಮೇಜು ಹಾಕಿ ಅದನ್ನು ತುಂಬಿಸಲಿ.