ನಮ್ಮ ಪ್ರಳಯಕ್ಕ ಬೋಸ್ಟನ್ನಿನ ತುಕ್ಕು ಯಾಕ?

1/7
ದೋಸ್ತರ, ಈ ಸಲ ಫೋಟೋ ಕಡಿಮಿ, ಜಗಳ ಜಾಸ್ತಿ. ಪೂರ್ತಿ ಓದ್ರಿ, ಆಮೇಲೆ ಕಮೆಂಟಿನಾಗ ಬೈರಿ.

ಫಾಲ್‌ಔಟ್, ಮೆಟ್ರೋ, ದ ಲಾಸ್ಟ್ ಆಫ್ ಅಸ್ ನೋಡಿ ನಾವೆಲ್ಲ ಮನ್ಯಾಗ ಪ್ರಾಪ್ಸ್ ಮಾಡಾಕ ಹತ್ತೇವಿ. ಭಾಳ ಚಲೋ ಕೆಲಸ. ಆದರ ನಮ್ಮ ಫೀಡ್ ಒಮ್ಮೆ ನೋಡ್ರಿ. ಎಲ್ಲರ ಕೈಯಾಗೂ ಅದೇ ಪಿಪ್-ಬಾಯ್, ಅದೇ ನ್ಯೂಕಾ-ಕೋಲಾ ಬಾಟ್ಲಿ, ಅದೇ ಗನ್. ಯೂಟ್ಯೂಬಿನವ ಹೇಳಿದ ಅಂತ ಇವಿಎ ಫೋಮ್ ಆನ್‌ಲೈನಿನಾಗ ತರಿಸೋದು, ಹೀಟ್ ಗನ್ ಇಲ್ಲ ಅಂತ ಅಳೋದು ಬ್ಯಾರೆ.

ನನ್ನ ವಾದ ಇಷ್ಟ. ಕಸದಾಗ ಬದುಕು ಕಟ್ಟೋ ಜಗತ್ತಿನ ವಸ್ತು ಮಾಡಾಕ ರೊಕ್ಕ ಕೊಟ್ಟು ಹೊಸ ಸಾಮಾನು ತರಿಸಿದ್ರ, ಆ ಆಟ ನಮಗ ತಿಳಿದೇ ಇಲ್ಲ ಅಂತ ಅರ್ಥ. ಹಾನಗಲ್ಲಿನಾಗ ಕೂತು ಅಮೆರಿಕದ ಕಸ ನಕಲು ಮಾಡೋದು ಅದಕ್ಕಿಂತ ದೊಡ್ಡ ಸೋಮಾರಿತನ.

2/7
ಆ ಆಟಗಳು ಯಾಕ ನಂಬಿಕಿ ಹುಟ್ಟಸ್ತಾವ? ಪ್ರತಿಯೊಂದಕ್ಕೂ ಒಂದು ಊರು ಐತಿ.

ಫಾಲ್‌ಔಟ್ ಮೊದಲು ಬಂದದ್ದು 1997ರಲ್ಲಿ. 1950ರ ದಶಕದ ಅಮೆರಿಕ ಕಂಡ ಭವಿಷ್ಯದ ಕನಸು ಅಣುಬಾಂಬಿಗೆ ಸುಟ್ಟುಹೋದರೆ ಏನು ಉಳಿಯುತ್ತೆ ಅನ್ನೋದೇ ಅದರ ಕಲ್ಪನೆ. ಹಾಗಾಗಿ ಅಲ್ಲಿ ಸೋಡಾ ಬಾಟ್ಲಿಯ ಮುಚ್ಚಳವೇ ದುಡ್ಡು. 2015ರ ಫಾಲ್‌ಔಟ್ 4 ನಡೆಯೋದು ಬೋಸ್ಟನ್ನಿನಲ್ಲಿ. 2010ರ ಮೆಟ್ರೋ 2033ರಲ್ಲಿ ಜನ ಬದುಕೋದು ಮಾಸ್ಕೋದ ಮೆಟ್ರೋ ಸ್ಟೇಷನ್ನಿನಲ್ಲಿ. ಅಲ್ಲಿ ಚಲೋ ಗುಂಡೇ ದುಡ್ಡು. ಗ್ಯಾಸ್ ಮಾಸ್ಕಿನ ಫಿಲ್ಟರ್ ಮುಗಿದರೆ ಉಸಿರೇ ಮುಗೀತು.

ಅಂದ್ರ ಆ ಕಲಾವಿದರು ತಮ್ಮ ಸುತ್ತಲಿನ ಸಾಮಾನು ನೋಡಿ, ಇದು ಮುರಿದ ಮೇಲೆ ಜನ ಇದನ್ನ ಯಾವುದಕ್ಕ ಬಳಸ್ತಾರ ಅಂತ ಕೇಳಿದ್ರು. ನಾವು ನಕಲು ಮಾಡಬೇಕಾದ್ದು ಆ ಪ್ರಶ್ನೆ. ನಾವು ಮಾತ್ರ ಉತ್ತರ ಕಾಪಿ ಹೊಡೀತೀವಿ. ಪರೀಕ್ಷಾದಾಗೂ ಇದೇ ಚಟ ಅನ್ನಬ್ಯಾಡ್ರಿ.

3/7
ಹಂಗಾದ್ರ ನಮ್ಮ ಊರಿನ ಉತ್ತರ ಏನು?

ನಮಗ ಅಣುಬಾಂಬ್ ಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ವರದಾ ಹೊಳಿ ಊರು ಹೊಲ ಅನ್ನದೆ ನುಗ್ಗಿತು. 2020ರಾಗ ಲಾಕ್‌ಡೌನ್. 2023ರಾಗ ರಾಜ್ಯದ ಬಹುತೇಕ ತಾಲ್ಲೂಕು ಬರಪೀಡಿತ. ಇಷ್ಟನ್ನೂ ನಮ್ಮ ವಯಸ್ಸಿನವರು ಸಾಲಿ ಕಲೀತಾನೇ ದಾಟೇವಿ.

ಆವಾಗ ಕೆಲಸಕ್ಕ ಬಂದ ಸಾಮಾನು ನೆನಪು ಮಾಡ್ಕೋರಿ: ಪ್ಲಾಸ್ಟಿಕ್ ಕೊಡ, ತಗಡು, ಟ್ರ್ಯಾಕ್ಟರ್ ಟ್ಯೂಬು, ಮಾವಿನಹಣ್ಣಿನ ಕ್ರೇಟು, ಹರಿದ ತಾಡಪತ್ರಿ, ಡ್ರಿಪ್ ಪೈಪು. ಎಲ್ಲಕ್ಕಿಂತ ಮೇಲೆ ಗೊಬ್ಬರ ಚೀಲದ ಕೊಪ್ಪೆ. ಚೀಲದ ಒಂದು ಮೂಲೆ ಒಳಗ ಮಡಚಿ ತಲಿಮ್ಯಾಲೆ ಹಾಕ್ಕೊಂಡ್ರ ರೇನ್‌ಕೋಟ್ ರೆಡಿ, ಹೊಲಿಗಿ ಇಲ್ಲ, ಖರ್ಚಿಲ್ಲ. ಯಾವ ಗೇಮ್ ಡಿಸೈನರೂ ಇದಕ್ಕಿಂತ ಚಲೋ ಸರ್ವೈವಲ್ ಗೇರ್ ಮಾಡಿಲ್ಲ.

ಆದರ ಅಪ್ಪ ಕೊಪ್ಪೆ ಹಾಕ್ಕೊಂಡು ಹೊಲಕ್ಕ ಹೊಂಟ್ರ ನಾವು ಸ್ಟೇಟಸ್ಸಿಗೆ ಹಾಕಂಗಿಲ್ಲ, ನಾಚಿಕಿ. ಅದೇ ಗೇಮಿನಾಗಿನ ಹರಕು ಕೋಟು ಭಾರೀ ಕೂಲ್! ನನಗ ಸಿಟ್ಟು ಬರೋದು ಇದಕ್ಕ. ಬೇರೆಯವರ ಬಡತನ ವೇಷ ಆದ್ರ ಸ್ಟೈಲು, ನಮ್ಮ ಮನಿ ಸಾಮಾನು ಮಾತ್ರ ಹಳ್ಳಿ ಗಮಾರತನ?

4/7
ಬರೇ ಬೈದ್ರ ಆಗಂಗಿಲ್ಲ, ಕೆಲಸ ಹೇಳ್ತೀನಿ. ಸೇವ್ ಮಾಡ್ಕೋರಿ.

ತಗಡು: ಫ್ರಿಜ್ ಬಾಕ್ಸಿನ ರಟ್ಟಿನ ಒಂದು ಬದಿ ಕಾಗದ ಸ್ವಲ್ಪ ನೀರು ಹಚ್ಚಿ ಸುಲಿಯಿರಿ. ಒಳಗಿನ ಅಲೆ ಅಲೆ ಪದರ ಹೊರಗ ಬರತೈತಿ. ಒಣಗಿಸಿ ಕಪ್ಪು ಬಣ್ಣ ಬಳೀರಿ, ಮ್ಯಾಲೆ ಒಣ ಬ್ರಷ್ಷಿನಿಂದ ಬೆಳ್ಳಿ ಬಣ್ಣ ಸವರ್ರಿ. ದೂರದಿಂದ ಪಕ್ಕಾ ಶೆಡ್ಡಿನ ತಗಡು.

ತುಕ್ಕು: ಜರಡಿ ಹಿಡಿದ ಕೆಮ್ಮಣ್ಣನ್ನ ಫೆವಿಕಾಲಿನಾಗ ಕಲಸಿ ಸ್ಪಂಜಿನಿಂದ ಒತ್ತ್ರಿ. ಎಲ್ಲಾ ಕಡೆ ಬಳೀಬ್ಯಾಡ್ರಿ. ನೀರು ನಿಲ್ಲೋ ಕಡೆ, ಮೊಳಿ ಸುತ್ತ, ತಳದಾಗ ತುಕ್ಕು. ಕೈ ಹಿಡಿಯೋ ಕಡೆ ಸವೆದು ಹೊಳಪು. ತುಕ್ಕಿಗೂ ಕಾರಣ ಇರಬೇಕು.

ಹಳೇ ಬಟ್ಟಿ: ಚಹಾದ ಡಿಕಾಕ್ಷನ್ನಿನಾಗ ಅದ್ದಿ ಒಣಗಿಸ್ರಿ. ಬೆಲ್ಟಿಗೆ ಸೈಕಲ್ ಟ್ಯೂಬು.

ಥರ್ಮಾಕೋಲ್ ಮ್ಯಾಲೆ ಸ್ಪ್ರೇ ಪೇಂಟ್ ನೇರ ಹೊಡೆದ್ರ ಕರಗಿ ಹೋಗತೈತಿ. ಮೊದಲು ಫೆವಿಕಾಲ್ ಹಚ್ಚಿ ಪೇಪರ್ ಅಂಟಿಸ್ರಿ. ಥರ್ಮಾಕೋಲ್, ಪಿವಿಸಿ ಪೈಪು ಸುಡಬ್ಯಾಡ್ರಿ, ಆ ಹೊಗಿ ವಿಷ. ಬೆಳಿಗೆ ಹೊಡಿಯೋ ಔಷಧದ ಡಬ್ಬಿ, ಸ್ಪ್ರೇಯರ್ ಪೈಪು ಎಷ್ಟು ಚಂದ ಕಂಡ್ರೂ ಮುಟ್ಟಬ್ಯಾಡ್ರಿ, ಮುಖಕ್ಕಂತೂ ಬ್ಯಾಡೇ ಬ್ಯಾಡ. ತೊಳೆದ್ರೂ ಬ್ಯಾಡ.

5/7
"ಇದನ್ನೆಲ್ಲ ನಮಗ ಕಲಿಸೋರು ಯಾರು?" ಅಂತೀರಿ. ರೆಡ್ಡಿಟ್ ಬ್ಯಾಡ, ಶಿಗ್ಗಾಂವಿ ಬಸ್ ಹತ್ತ್ರಿ.

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಟ್ರಿಪ್ ಹೋಗಿ ಸೆಲ್ಫಿ ತಕ್ಕೊಂಡು ಬಂದೇವಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಮತ್ತವರ ತಂಡ ಅಲ್ಲಿ ಮಾಡಿದ್ದು ಏನು? ಹಳ್ಳಿಯ ಕೆಲಸ, ದನ, ಬಂಡಿ, ಅಂಗಡಿ, ಜನ, ಎಲ್ಲಾ ಆಳೆತ್ತರದ ಸಿಮೆಂಟ್ ಮೂರ್ತಿ. ಒಂದು ಜಗತ್ತು ಕಣ್ಣಮುಂದ ಮಾಯ ಆಗೋದನ್ನ ನೋಡಿ, ಅದರ ಒಂದೊಂದು ವಸ್ತುವನ್ನೂ ಮತ್ತ ಕಟ್ಟಿ ನಿಲ್ಲಿಸೋದು. ಇದಕ್ಕಿಂತ ದೊಡ್ಡ ಪ್ರಾಪ್ಸ್ ಕೆಲಸ ಯಾವುದೈತಿ? ಅದೇ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವೂ ಇದೆ.

ಇನ್ನ ದೊಡ್ಡಾಟ. ಹಗುರ ಕಟ್ಟಿಗಿ, ರಟ್ಟು, ಬೇಗಡೆ, ಕನ್ನಡಿ ಚೂರು, ಮಣಿ, ಇಷ್ಟರಾಗ ಕಿರೀಟ, ಭುಜಕೀರ್ತಿ ಮಾಡಿದವರು ನಮ್ಮ ಕಡೆಯವರು. ಬೆಳತನಕ ಕುಣಿದ್ರೂ ಕಳಚಬಾರದು, ತಲಿ ನೋಯಬಾರದು, ದೂರ ಕೂತವಗೂ ಬಂಗಾರ ಕಾಣಬೇಕು. ಕಾಮಿಕ್ ಕಾನಿನಾಗ ಕಾಸ್‌ಪ್ಲೇ ಮಾಡೋರು ಎದುರಿಸೋ ಸಮಸ್ಯೆಗಳೂ ಇವೇ. ನಿಮ್ಮ ಓಣ್ಯಾಗ ವೇಷ ಕಟ್ಟಿದ ಅಜ್ಜ ಇದ್ರ ಹೋಗಿ ಕೇಳ್ರಿ, "ಅಜ್ಜಾರ, ಇದನ್ನ ಹೆಂಗ ಬಿಗಿಯೋದ್ರೀ?" ಅಂತ. ಟ್ಯುಟೋರಿಯಲ್ಲಿಗಿಂತ ಚಲೋ ಉತ್ತರ ಸಿಗತೈತಿ.

6/7
ಗನ್ ಬಗ್ಗೆ ಎರಡು ಮಾತು. ನಕಲಿ ಎಕೆ-47 ಹಿಡಿದು ರೀಲ್ಸ್ ಮಾಡಿ ಪೊಲೀಸ್ ಠಾಣೆ ಕಂಡವರ ಸುದ್ದಿ ಬೆಂಗಳೂರಿನಿಂದ ಬಂದೈತಿ. ಬಸ್ ಸ್ಟ್ಯಾಂಡಿನಾಗ ನಿಂತ ಆಯಿಗೆ ಅದು ರಟ್ಟಿಂದೋ ಕಬ್ಬಿಣದ್ದೋ ಹೆಂಗ ಗೊತ್ತಾಗಬೇಕು?

ಕಾನೂನು ಬಿಡ್ರಿ, ಕಲೆಯ ಲೆಕ್ಕದಾಗೂ ಗನ್ ಭಾಳ ಬೋರು. ಅದನ್ನ ನೋಡಿದ್ರ ಒಂದೇ ಕಥಿ ಹೊಳೀತೈತಿ. ಶಾಸನಗಳು ಪಾನುಂಗಲ್ ಅಂತ ಕರೆದ ನಮ್ಮ ಹಾನಗಲ್ಲೇ ವಿರಾಟನಗರ ಅಂತ ನಂಬಿಕಿ ಐತಲ್ಲ? ಪಾಂಡವರು ಅಜ್ಞಾತವಾಸಕ್ಕ ಬಂದಾಗ ಆಯುಧ ತೋರಿಸ್ಕೊಂಡು ತಿರುಗಲಿಲ್ಲ. ಗಂಟು ಕಟ್ಟಿ ಬನ್ನಿಮರಕ್ಕ ಏರಿಸಿದ್ರು, ಯಾರೂ ಹತ್ತಿರ ಸುಳೀಬಾರದು ಅಂತ ಜೊತೆಗೊಂದು ಹೆಣ ಕಟ್ಟಿದ್ರು. ಗಾಂಡೀವಕ್ಕಿಂತ ಆ ಗಂಟು ಹೆಚ್ಚು ಕುತೂಹಲ ಹುಟ್ಟಸ್ತೈತಿ: ಒಳಗೇನೈತಿ, ಯಾರಿಟ್ರು, ಯಾಕ ಬಚ್ಚಿಟ್ರು? ಪ್ರಾಪ್ ಅಂದ್ರ ಅದು. ಒಂದು ಗಂಟು ಮಾಡ್ರಿ, ಒಂದು ನೀರಿನ ಲೆಕ್ಕದ ಪುಸ್ತಕ ಮಾಡ್ರಿ, ಬೀಜ ಕಾಯೋ ಡಬ್ಬಿ ಮಾಡ್ರಿ.

7/7
"ಲೈಕ್ ಬರಂಗಿಲ್ಲಲೇ, ಪಿಪ್-ಬಾಯ್ ಆದ್ರ ಎಲ್ಲರಿಗೂ ಗುರುತು ಸಿಗತೈತಿ" ಅಂತ ಹೇಳೋರು ಅದಾರ. ಖರೆ. ಆದರ ಪಿಪ್-ಬಾಯ್ ನಮಗಿಂತ ಚಂದ ಮಾಡೋರು ಜಗತ್ತಿನ ತುಂಬ ಅದಾರ, ಅವರ ಹತ್ರ ತ್ರೀಡಿ ಪ್ರಿಂಟರೂ ಐತಿ. ಆ ರೇಸಿನಾಗ ನಾವು ಯಾವಾಗಲೂ ಹಿಂದ. ಕೊಪ್ಪೆ, ಕೆಮ್ಮಣ್ಣು, ತಾಡಪತ್ರಿ ಹಿಡಿದ್ರ ನಮ್ಮ ಮುಂದ ಯಾರೂ ಇಲ್ಲ.

"ಆಟ ಆಟ ಇರಲಿ, ಭಾಷಣ ಬ್ಯಾಡ" ಅನ್ನೋರಿಗೂ ಉತ್ತರ ಐತಿ. ಆಟ ಅಂತಾನೇ ಹೇಳಾಕ ಹತ್ತೀನಿ. ಇನ್ನೊಬ್ಬರ ಮ್ಯಾಪಿನಾಗ ಎಷ್ಟು ದಿನ ಆಡ್ತೀರಿ?

ಈ ಸಲ ಗ್ಯಾದರಿಂಗಿಗೆ "ಕಸದಿಂದ ರಸ" ಸ್ಪರ್ಧೆ ಇಟ್ರ, ಅಂಗಡಿಯಿಂದ ಹೊಸ ಚಾರ್ಟ್ ಪೇಪರ್ ತಂದು ಹೂದಾನಿ ಮಾಡಬ್ಯಾಡ್ರಿ. ನಾವೊಂದು ಟೇಬಲ್ ಹಿಡಿಯೋಣ: "ಹಾನಗಲ್, ಮಳಿ ನಿಂತು ಹತ್ತು ವರ್ಷದ ನಂತರ." ಒಬ್ಬೊಬ್ಬರು ಒಂದೊಂದು ವಸ್ತು. ನಿಯಮ ಮೂರು: ಹೊಸದು ಕೊಳ್ಳಂಗಿಲ್ಲ, ಗನ್ ಇಲ್ಲ, ಇದನ್ನ ಯಾರು ಯಾಕ ಇಟ್ಕೊಂಡಿದ್ರು ಅಂತ ಎರಡು ಸಾಲು ಬರೀಬೇಕು.

ಸವಣೂರು, ಹಿರೇಕೆರೂರಿನ ದೋಸ್ತರೂ ಬರ್ರಿ. ನಿಮ್ಮ ವಸ್ತು ಯಾವುದು, ಕೆಳಗ ಬರೀರಿ.

#ನಮ್ಮಕಸನಮ್ಮಕಥಿ #ಹಾನಗಲ್ #ರಟ್ಟುಫೆವಿಕಾಲ್